ಇಕ್ಕಟ್ಟಾದ ಅಂಗಳಕ್ಕೆ ಟ್ರೇಲರನ್ನು ಹಿಂದಕ್ಕೆ ತರುವ ಕ್ರಮ



ಟ್ರ್ಯಾಕ್ಟರನ್ನು ಮುಂದಕ್ಕೆ ಓಡಿಸಬಲ್ಲವರು ನಮ್ಮ ಹಳ್ಳಿಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಉಳುವುದು, ಹರಗುವುದು, ಹೇರು ತುಂಬಿದ ಟ್ರೇಲರನ್ನು ರಸ್ತೆಯ ಮೇಲೆ ಎಳೆದೊಯ್ಯುವುದು, ಇವನ್ನೆಲ್ಲ ಹುಡುಗರು ನೋಡನೋಡುತ್ತಲೇ ಕಲಿತುಬಿಡುತ್ತಾರೆ. ಆದರೆ ಅದೇ ಟ್ರೇಲರನ್ನು ಓಣಿಯಿಂದ ಮನೆಯ ಹಿತ್ತಲಿಗೋ, ಕಣದ ಬಾಗಿಲಿಗೋ, ಗೋದಾಮಿನ ಕಟ್ಟೆಗೋ ಹಿಂದಕ್ಕೆ ತಂದು ನಿಲ್ಲಿಸಬೇಕಾದಾಗ ಬಹಳ ಮಂದಿಯ ಕೈ ತಡವರಿಸುತ್ತದೆ. ಟ್ರೇಲರು ತಾವು ಬಯಸಿದ ಕಡೆಗೆ ಹೋಗುವುದಿಲ್ಲ. ಒಬ್ಬರು ಎಡಕ್ಕೆ ಎನ್ನುತ್ತಾರೆ, ಮತ್ತೊಬ್ಬರು ಬಲಕ್ಕೆ ಎನ್ನುತ್ತಾರೆ. ಕೊನೆಗೆ ಗೋಡೆಯ ಮೂಲೆ ಕಿತ್ತುಬರುತ್ತದೆ, ಇಲ್ಲವೆ ಟ್ರೇಲರಿನ ಮೂಕಿ ಟ್ರ್ಯಾಕ್ಟರಿನ ದೊಡ್ಡ ಚಕ್ರಕ್ಕೆ ತಗುಲುತ್ತದೆ.

ಗೋಡೆಯನ್ನು ಮತ್ತೆ ಕಟ್ಟಬಹುದು, ಚಕ್ರವನ್ನು ಮತ್ತೆ ಕೊಳ್ಳಬಹುದು. ಆದರೆ ಹಿಂದಕ್ಕೆ ಬರುವ ಟ್ರೇಲರಿಗೂ ಗೋಡೆಗೂ ನಡುವೆ ಸಿಕ್ಕಿಬಿದ್ದ ಮನುಷ್ಯನನ್ನು, ಹಿಂದೆ ಆಡುತ್ತಿದ್ದ ಮಗುವನ್ನು ಮತ್ತೆ ತರಲಾಗದು. ಆದುದರಿಂದ ಈ ಕೆಲಸವನ್ನು ಕ್ರಮವಾಗಿ ಕಲಿಯುವುದು ಅಗತ್ಯ. ಇದರಲ್ಲಿ ಗುಟ್ಟೇನೂ ಇಲ್ಲ. ಕಾರಣವನ್ನು ತಿಳಿದುಕೊಂಡು, ಬಯಲಿನಲ್ಲಿ ನಾಲ್ಕು ದಿನ ಅಭ್ಯಾಸ ಮಾಡಿದರೆ ಯಾರಿಗಾದರೂ ಬರುತ್ತದೆ.

ಎತ್ತಿನ ಗಾಡಿಯಿಂದ ಕಲಿಯುವ ಪಾಠ

ನಮ್ಮಲ್ಲಿ ಬಳಕೆಯಲ್ಲಿರುವ ಎರಡು ಚಕ್ರದ ಟ್ರೇಲರು ಎತ್ತಿನ ಗಾಡಿಯ ತಮ್ಮನೇ ಸರಿ. ಗಾಡಿಗೆ ಒಂದು ಅಚ್ಚು, ಎರಡು ಚಕ್ರ, ಮುಂದೆ ಒಂದು ಮೂಕಿ. ಟ್ರೇಲರಿಗೂ ಅಷ್ಟೆ. ಗಾಡಿಯ ಮೂಕಿಯನ್ನು ನೊಗಕ್ಕೆ ಕಟ್ಟುತ್ತೇವೆ, ಟ್ರೇಲರಿನ ಮೂಕಿಯನ್ನು ಟ್ರ್ಯಾಕ್ಟರಿನ ಹಿಂದಿನ ಕೊಂಡಿಗೆ ಕೀಲು ಹಾಕಿ ಸೇರಿಸುತ್ತೇವೆ. ವ್ಯತ್ಯಾಸ ಇಷ್ಟೇ.

ಈಗ ಎತ್ತುಗಳನ್ನು ಬಿಚ್ಚಿ, ಗಾಡಿಯನ್ನು ಕೈಯಿಂದ ಕೊಟ್ಟಿಗೆಗೆ ಹಿಂದಕ್ಕೆ ನೂಕುವುದನ್ನು ನೆನಪಿಗೆ ತಂದುಕೊಳ್ಳಿರಿ. ನೊಗದ ಬಳಿ ನಿಂತು ನೂಕುತ್ತೀರಷ್ಟೆ? ಗಾಡಿಯ ಹಿಂಬದಿ ಬಾವಿಯ ಕಡೆಗೆ ಹೋಗಬೇಕಾದರೆ ಏನು ಮಾಡುತ್ತೀರಿ? ಮೂಕಿಯ ತುದಿಯನ್ನು ಬಾವಿಗೆ ಎದುರು ದಿಕ್ಕಿಗೆ, ಎಂದರೆ ಕೊಟ್ಟಿಗೆಯ ಗೋಡೆಯ ಕಡೆಗೆ ಸರಿಸಿ ನೂಕುತ್ತೀರಿ. ಮೂಕಿ ಈಚೆಗೆ ಬಂದರೆ ಹಿಂಬದಿ ಆಚೆಗೆ ಹೋಗುತ್ತದೆ. ನಡುವೆ ಅಚ್ಚು ತಕ್ಕಡಿಯ ಮುಳ್ಳಿನಂತೆ ನಿಂತಿರುತ್ತದೆ. ಇದನ್ನು ಯಾರೂ ನಿಮಗೆ ಹೇಳಿಕೊಟ್ಟಿಲ್ಲ, ಕೈಯೇ ಕಲಿತಿದೆ.

ಟ್ರ್ಯಾಕ್ಟರಿನಲ್ಲಿಯೂ ಇದೇ ನಡೆಯುತ್ತದೆ. ಮೂಕಿಯ ತುದಿಯನ್ನು ಹಿಡಿದಿರುವುದು ನಿಮ್ಮ ಕೈಯಲ್ಲ, ಟ್ರ್ಯಾಕ್ಟರಿನ ಬೆನ್ನು. ಟ್ರೇಲರಿನ ಹಿಂಬದಿ ಯಾವ ಕಡೆಗೆ ಹೋಗಬೇಕೋ ಅದಕ್ಕೆ ಎದುರು ಕಡೆಗೆ ಟ್ರ್ಯಾಕ್ಟರಿನ ಬೆನ್ನು ಸರಿಯಬೇಕು. ಇದೊಂದನ್ನು ತಿಳಿದವನಿಗೆ ಅರ್ಧ ವಿದ್ಯೆ ಬಂದಂತೆಯೇ.

ಇನ್ನೊಂದು ಮಾತು. ಮುಂದಕ್ಕೆ ಎಳೆದಾಗ ಟ್ರೇಲರು ತಾನಾಗಿಯೇ ನೆಟ್ಟಗಾಗುತ್ತದೆ. ಹಿಂದಕ್ಕೆ ನೂಕಿದಾಗ ತಾನಾಗಿಯೇ ಸೊಟ್ಟಗಾಗುತ್ತದೆ. ಹಗ್ಗವನ್ನು ಎಳೆದರೆ ನೇರವಾಗುತ್ತದೆ, ತಳ್ಳಿದರೆ ಮಡಚಿಕೊಳ್ಳುತ್ತದೆ ಅಲ್ಲವೇ? ಹಾಗೆಯೇ ಇದು. ಹಿಂದಕ್ಕೆ ಹೋಗುವಾಗ ಒಂದು ಸಣ್ಣ ಸೊಟ್ಟು ಬಿದ್ದರೆ ಅದು ತಾನೇ ಸರಿಹೋಗುವುದಿಲ್ಲ, ಗಳಿಗೆಗಳಿಗೆಗೂ ಹೆಚ್ಚುತ್ತ ಹೋಗುತ್ತದೆ. ಮೂಕಿ ಚಿಕ್ಕದಾಗಿ, ಅಚ್ಚು ಟ್ರ್ಯಾಕ್ಟರಿಗೆ ಹತ್ತಿರವಾಗಿದ್ದಷ್ಟೂ ಅದು ಬೇಗ ಹೆಚ್ಚುತ್ತದೆ. ಉದ್ದನೆಯ ಟ್ರೇಲರು ನಿಧಾನವಾಗಿ ತಿರುಗುತ್ತದೆ, ಗಿಡ್ಡನೆಯದು ಥಟ್ಟನೆ ತಿರುಗಿಬಿಡುತ್ತದೆ. ಗಿಡ್ಡ ಟ್ರೇಲರು ಸುಲಭವೆಂದು ಭಾವಿಸುವವರು ಇದನ್ನು ಗಮನಿಸಬೇಕು.

ಕೈ ಎಲ್ಲಿರಬೇಕು?

ಹಿಂದಕ್ಕೆ ನೋಡುತ್ತ ಕುಳಿತಾಗ ಎಡ ಯಾವುದು, ಬಲ ಯಾವುದು ಎಂಬ ಗೊಂದಲ ಎಲ್ಲರಿಗೂ ಉಂಟಾಗುತ್ತದೆ. ಅದಕ್ಕೊಂದು ಸುಲಭ ಉಪಾಯವುಂಟು. ಸ್ಟಿಯರಿಂಗ್ ಚಕ್ರದ ಮೇಲ್ಭಾಗವನ್ನು ಹಿಡಿಯಬೇಡಿರಿ. ಒಂದು ಕೈಯಿಂದ ಚಕ್ರದ ಕೆಳಭಾಗವನ್ನು, ಎಂದರೆ ನಿಮ್ಮ ಹೊಟ್ಟೆಗೆ ಹತ್ತಿರವಿರುವ ಭಾಗವನ್ನು ಹಿಡಿಯಿರಿ. ಈಗ ಟ್ರೇಲರಿನ ಹಿಂಬದಿ ಬಾವಿಯ ಕಡೆಗೆ ಹೋಗಬೇಕೇ? ಆ ಕೈಯನ್ನು ಬಾವಿಯ ಕಡೆಗೆ ಸರಿಸಿರಿ. ಕೊಟ್ಟಿಗೆಯ ಕಡೆಗೆ ಹೋಗಬೇಕೇ? ಕೈಯನ್ನು ಕೊಟ್ಟಿಗೆಯ ಕಡೆಗೆ ಸರಿಸಿರಿ. ಎಡಬಲಗಳ ಲೆಕ್ಕವೇ ಬೇಡ. ಕೈ ಹೋದ ಕಡೆಗೆ ಟ್ರೇಲರಿನ ಬಾಲ ಹೋಗುತ್ತದೆ.

ಆದರೆ ಕೈ ಸ್ವಲ್ಪವೇ ಸರಿಯಬೇಕು. ಗೇಣು ಸರಿಸಿ, ಟ್ರೇಲರು ಏನು ಮಾಡುತ್ತದೆಂದು ನೋಡಿರಿ. ಅದು ಬಾಗಲು ಒಂದು ಗಳಿಗೆ ಬೇಕು. ಬಾಗಲಿಲ್ಲವೆಂದು ಆತುರದಿಂದ ಚಕ್ರವನ್ನು ಪೂರ್ತಿ ತಿರುಗಿಸಿದರೆ, ಬಾಗಲು ತೊಡಗಿದ ಮೇಲೆ ಅದನ್ನು ತಡೆಯುವುದು ನಿಮ್ಮಿಂದಾಗದು. ನಿಂತಲ್ಲಿಯೇ ಚಕ್ರ ತಿರುಗಿಸುವ ಅಭ್ಯಾಸವೂ ಒಳ್ಳೆಯದಲ್ಲ, ಅದರಿಂದ ಮುಂದಿನ ಟೈರೂ ಸ್ಟಿಯರಿಂಗಿನ ಜೋಡಣೆಗಳೂ ಬೇಗ ಸವೆಯುತ್ತವೆ. ಟ್ರ್ಯಾಕ್ಟರು ಇಂಚಿಂಚಾಗಿ ಚಲಿಸುತ್ತಿರುವಾಗಲೇ ತಿರುಗಿಸಿರಿ.

ಟ್ರೇಲರು ಬೇಕಾದಷ್ಟು ಬಾಗಿತೆಂದು ಕಂಡ ಕೂಡಲೆ ಕೈಯನ್ನು ಎದುರು ಕಡೆಗೆ ಮರಳಿ ತರಬೇಕು. ಆಗ ಟ್ರ್ಯಾಕ್ಟರು ಟ್ರೇಲರನ್ನು ಹಿಂಬಾಲಿಸಿ ತಿರುಗುತ್ತದೆ. ಹೀಗೆ ಮೊದಲು ಬಾಗಿಸುವುದು, ಅನಂತರ ಹಿಂಬಾಲಿಸುವುದು, ಕೊನೆಗೆ ನೆಟ್ಟಗೆ ಮಾಡುವುದು ಎಂಬ ಮೂರೇ ಹಂತಗಳು ಈ ಕೆಲಸದಲ್ಲಿ ಇರುವುದು.

ಹೊರಡುವ ಮೊದಲು ಇಳಿದು ನೋಡುವುದು

ಅನುಭವಿಗಳಾದ ಚಾಲಕರನ್ನು ಗಮನಿಸಿರಿ. ಅವರು ಮೊದಲು ಟ್ರ್ಯಾಕ್ಟರಿನಿಂದ ಇಳಿಯುತ್ತಾರೆ. ಹೋಗಬೇಕಾದ ಜಾಗವನ್ನು ಒಮ್ಮೆ ನಡೆದು ನೋಡುತ್ತಾರೆ. ನೀವೂ ಹಾಗೆಯೇ ಮಾಡಿರಿ. ನೋಡಬೇಕಾದುವು ಇವು:

1. ಬಾಗಿಲಿನ ಅಗಲ. ನಿಮ್ಮ ಟ್ರೇಲರಿನ ಅಗಲಕ್ಕೆ ಒಂದು ಕೋಲನ್ನು ಕತ್ತರಿಸಿ ಟ್ರೇಲರಿನಲ್ಲಿಯೇ ಇಟ್ಟುಕೊಳ್ಳಿರಿ. ಅದನ್ನು ಬಾಗಿಲಿಗೆ ಅಡ್ಡ ಹಿಡಿದು ನೋಡಿದರೆ ಎರಡೂ ಕಡೆ ಎಷ್ಟು ಜಾಗ ಉಳಿಯುತ್ತದೆಂಬುದು ತಿಳಿಯುತ್ತದೆ. ಅಳತೆ ತೆಗೆಯುವಾಗ ಪೆಟ್ಟಿಗೆಯನ್ನು ಮಾತ್ರ ಅಳೆಯದೆ, ಹೊರಕ್ಕೆ ಚಾಚಿರುವ ಕೊಕ್ಕೆ, ಚಕ್ರಗಳನ್ನೂ ಸೇರಿಸಿ ಅಳೆಯಬೇಕು.

2. ಎದುರಿನ ಜಾಗ. ಟ್ರೇಲರು ಬಾಗಿಲೊಳಗೆ ಹೋಗುವಾಗ ಟ್ರ್ಯಾಕ್ಟರಿನ ಮೂತಿ ಓಣಿಯ ಎದುರು ಬದಿಗೆ ತಿರುಗುತ್ತದೆ. ಅಲ್ಲಿ ಚರಂಡಿ, ಜಗಲಿ, ನಲ್ಲಿಯ ಕಟ್ಟೆ ಇದ್ದರೆ ಮೊದಲೇ ಗೊತ್ತಿರಬೇಕು. ಬಹಳ ಮಂದಿ ಹಿಂದನ್ನೇ ನೋಡುತ್ತ ಮುಂದಿನ ಚಕ್ರವನ್ನು ಚರಂಡಿಗೆ ಇಳಿಸುತ್ತಾರೆ.

3. ಮೇಲಿನ ಜಾಗ. ಮನೆಯ ಸೂರು, ಮರದ ಕೊಂಬೆ, ವಿದ್ಯುತ್ ತಂತಿ. ಹುಲ್ಲು, ಕಬ್ಬು, ಜೋಳದ ಸೊಪ್ಪೆಗಳ ಹೇರು ಎತ್ತರವಾಗಿರುವುದರಿಂದ ತಂತಿಯ ಕೆಳಗೆ ಟ್ರೇಲರನ್ನು ಹಿಂದಕ್ಕೆ ತರುವುದು ಬಹು ಅಪಾಯ. ತಂತಿಯನ್ನು ಕೋಲಿನಿಂದ ಎತ್ತಿಹಿಡಿಯುವುದಂತೂ ಎಂದಿಗೂ ಮಾಡತಕ್ಕದ್ದಲ್ಲ.

4. ನೆಲ. ಹಸಿ ನೆಲ, ಮುಚ್ಚಿದ ಗುಂಡಿ, ಕಲ್ಲು, ಇಳಿಜಾರು. 75 ಕಿಲೋ ತೂಗುವ 40 ಚೀಲ ಭತ್ತ ಹೇರಿದರೆ ಸರಕೇ 3 ಟನ್ ಆಗುತ್ತದೆ. ಮೊನ್ನೆ ಮಣ್ಣು ಮುಚ್ಚಿದ ಪೈಪಿನ ಕಾಲುವೆ ಆ ಭಾರವನ್ನು ತಾಳಲಾರದು.

5. ಜೀವಗಳು. ಕಟ್ಟಿಹಾಕಿದ ಕರು, ಕೋಳಿ, ಅಂಗಳದಲ್ಲಿ ಕುಳಿತ ವೃದ್ಧರು, ಎಲ್ಲಕ್ಕಿಂತ ಮುಖ್ಯವಾಗಿ ಮಕ್ಕಳು.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಇಲ್ಲಿಗೂ ಸಲ್ಲುತ್ತದೆ. ಜಾಗ ಸಾಲದೆಂದು ಕಂಡರೆ, ಹೊರಗೇ ನಿಲ್ಲಿಸಿ ನಾಲ್ಕು ಹೆಜ್ಜೆ ಹೆಚ್ಚಾಗಿ ಹೊತ್ತು ಇಳಿಸುವುದು ಬುದ್ಧಿವಂತಿಕೆಯೇ ಹೊರತು ಸೋಲಲ್ಲ.

ಇಟ್ಟ ಜಾಗವೇ ಅರ್ಧ ಕೆಲಸ

ಈಗ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಓಣಿಯಲ್ಲಿ ಹೋಗುತ್ತಿದ್ದೀರಿ. ಬಲಗಡೆಗೆ ನಿಮ್ಮ ಹಿತ್ತಲಿನ ಬಾಗಿಲಿದೆ. ಬಾಗಿಲು 10 ಅಡಿ ಅಗಲ, ಟ್ರೇಲರು ಆರೂವರೆ ಅಡಿ ಅಗಲ ಎಂದಿಟ್ಟುಕೊಳ್ಳಿರಿ. ನೇರವಾಗಿ ಹೋದರೆ ಎರಡೂ ಕಡೆ ಒಂದೂ ಮುಕ್ಕಾಲು ಅಡಿ ಉಳಿಯುತ್ತದೆ. ಸಾಕಷ್ಟಾಯಿತು. ಆದರೆ ಓರೆಯಾಗಿ ಹೋದರೆ ಅದೇ ಟ್ರೇಲರಿಗೆ ಅದೇ ಬಾಗಿಲು ಸಾಲುವುದಿಲ್ಲ. ಆದುದರಿಂದ ಬಾಗಿಲಿನ ಕಂಬಗಳನ್ನು ತಲುಪುವ ಹೊತ್ತಿಗೆ ಟ್ರೇಲರು ನೆಟ್ಟಗಾಗಿರಬೇಕೆಂಬುದೇ ಗುರಿ.

ಮೊದಲನೆಯದಾಗಿ, ಬಾಗಿಲನ್ನು ದಾಟಿ ಮುಂದಕ್ಕೆ ಹೋಗಿರಿ. ದಾಟಿದ ಮೇಲೆ ಟ್ರ್ಯಾಕ್ಟರಿನ ಮೂತಿಯನ್ನು ಬಾಗಿಲಿಗೆ ಎದುರಾದ ಬದಿಗೆ, ಎಂದರೆ ಎಡಕ್ಕೆ ಓರೆಯಾಗಿ ತಿರುಗಿಸಿ ಸ್ವಲ್ಪ ಮುಂದೆ ನಡೆಸಿ ನಿಲ್ಲಿಸಿರಿ. ಈಗ ಟ್ರ್ಯಾಕ್ಟರೂ ಟ್ರೇಲರೂ ಓಣಿಯಲ್ಲಿ ಓರೆಯಾಗಿ ನಿಂತು, ಟ್ರೇಲರಿನ ಬಾಲ ಬಾಗಿಲಿನ ಕಡೆಗೆ ಮುಖ ಮಾಡಿರುತ್ತದೆ. ಹಿಂದಕ್ಕೆ ಬರುವಾಗ ತಿರುಗಿಸಬೇಕಾದ ಕಷ್ಟದಲ್ಲಿ ಅರ್ಧಭಾಗವನ್ನು ಹೀಗೆ ಮುಂದಕ್ಕೆ ಹೋಗುವಾಗಲೇ ಕಳೆದುಕೊಂಡಂತಾಯಿತು. ಬಹಳ ಮಂದಿ ಓಣಿಗೆ ಸಮನಾಗಿ ನಿಲ್ಲಿಸಿ, ಪೂರ್ತಿ ತಿರುವನ್ನೂ ಹಿಂದಕ್ಕೆ ಬರುತ್ತಲೇ ಮಾಡಲು ಹೋಗಿ ಕೆಡುತ್ತಾರೆ.

ಎರಡನೆಯದಾಗಿ, ಎಡಬಲ ಬ್ರೇಕುಗಳ ಎರಡು ಪೆಡಲುಗಳನ್ನು ಒಟ್ಟಿಗೆ ಸೇರಿಸುವ ಅಗುಳಿ ಹಾಕಿದೆಯೇ ನೋಡಿಕೊಳ್ಳಿರಿ. ಉಳುಮೆಯಲ್ಲಿ ಬಿಚ್ಚಿಟ್ಟದ್ದು ಹಾಗೆಯೇ ಇದ್ದರೆ, ಒಂದೇ ಚಕ್ರಕ್ಕೆ ಬ್ರೇಕು ಬಿದ್ದು ಟ್ರ್ಯಾಕ್ಟರು ಒಂದು ಕಡೆಗೆ ತಿರುಗಿಬಿಡುತ್ತದೆ. ಕೆಳಗಿನ ರಿವರ್ಸ್ ಗೇರನ್ನೇ ಹಾಕಿರಿ. ಎಂಜಿನ್ನಿನ ವೇಗ ಕಡಿಮೆಯಿರಲಿ.

ಮೂರನೆಯದಾಗಿ, ಬಲಗಡೆಗೆ ಹೊರಳಿ ಹಿಂದೆ ನೋಡುತ್ತ, ಸ್ಟಿಯರಿಂಗಿನ ಕೆಳಭಾಗದಲ್ಲಿರುವ ಕೈಯನ್ನು ಬಾಗಿಲಿನ ಕಡೆಗೆ ಸ್ವಲ್ಪ ಸರಿಸಿ ಹಿಂದಕ್ಕೆ ಬಿಡಿರಿ. ಟ್ರೇಲರಿನ ಬಾಲ ಬಾಗಿಲಿನತ್ತ ಬಾಗುತ್ತದೆ. ಈಗ ನಿಮ್ಮ ಕಣ್ಣು ಬಾಲದ ತುದಿಯ ಮೇಲಲ್ಲ, ಟ್ರೇಲರಿನ ಬಲಚಕ್ರದ ಮೇಲಿರಬೇಕು. ಟ್ರೇಲರು ತಿರುಗುವುದು ಆ ಚಕ್ರಗಳ ಮೇಲೆಯೇ. ಆ ಚಕ್ರ ನಿಮಗೆ ಹತ್ತಿರವಾದ ಕಂಬದ ಪಕ್ಕದಲ್ಲಿ ತಗುಲದಂತೆ ಹಾಯ್ದುಹೋಗುವಂತಿದ್ದರೆ ದಾರಿ ಸರಿಯಾಗಿದೆಯೆಂದು ತಿಳಿಯಿರಿ.

ನಾಲ್ಕನೆಯದಾಗಿ, ಚಕ್ರ ಕಂಬವನ್ನು ಸಮೀಪಿಸುತ್ತಿದ್ದಂತೆ ಕೈಯನ್ನು ಎದುರು ಕಡೆಗೆ ತಂದು ಟ್ರ್ಯಾಕ್ಟರನ್ನು ಟ್ರೇಲರಿನ ಹಿಂದೆಯೇ ತಿರುಗಿಸಿರಿ. ಮೂತಿ ಓಣಿಯ ಎದುರು ಬದಿಗೆ ಹೊರಳುವುದು ಈಗಲೇ. ಒಮ್ಮೆ ನಿಲ್ಲಿಸಿ, ಮುಂದೆ ನೋಡಿ, ಮತ್ತೆ ಹೊರಡಿರಿ. ಟ್ರ್ಯಾಕ್ಟರೂ ಟ್ರೇಲರೂ ಒಂದೇ ಗೆರೆಗೆ ಬಂದಾಗ ಚಕ್ರವನ್ನು ನೇರ ಮಾಡಿ ಮೆಲ್ಲನೆ ಒಳಗೆ ಹೋಗಿರಿ.

ಕುತ್ತಿಗೆ ಯಾವ ಕಡೆಗೆ ಸುಲಭವಾಗಿ ಹೊರಳುವುದೋ ಆ ಕಡೆಗೇ ಬಾಗಿಲು ಬರುವಂತೆ ಓಣಿಯನ್ನು ಪ್ರವೇಶಿಸುವುದು ಮೇಲು. ಎದುರು ಕಡೆಗೆ ಬಂದರೆ ತಿರುವಿನ ಒಳಮೂಲೆ ಹೇರಿನ ಮರೆಗೆ ಹೋಗಿ ಏನೂ ಕಾಣುವುದಿಲ್ಲ. ಊರನ್ನು ಒಂದು ಸುತ್ತು ಹಾಕಿ ಇನ್ನೊಂದು ದಿಕ್ಕಿನಿಂದ ಬಂದರೆ ಐದು ನಿಮಿಷ ಹೋಗಬಹುದು, ಆದರೆ ಕಣ್ಣಿಗೆ ಕಾಣುವಂತೆ ಕೆಲಸ ಮಾಡಿದಂತಾಗುತ್ತದೆ.

ಸೊಟ್ಟಾದರೆ ಏನು ಮಾಡಬೇಕು?

ಸೊಟ್ಟಾದರೆ ನಿಲ್ಲಿಸಿ ಮುಂದಕ್ಕೆ ಎಳೆಯಿರಿ. ಇದಕ್ಕಿಂತ ಬೇರೆ ಔಷಧವಿಲ್ಲ. ಮುಂದಕ್ಕೆ ಹೋದಾಗ ಟ್ರೇಲರು ನೆಟ್ಟಗಾಗುತ್ತದೆಂಬುದನ್ನು ಮೇಲೆಯೇ ಹೇಳಿದೆ. ಹತ್ತು ಹದಿನೈದು ಅಡಿ ಮುಂದೆ ಎಳೆದು ಮತ್ತೆ ಮೊದಲು ಮಾಡಿರಿ. ಎರಡು ಸಲ, ಮೂರು ಸಲ ಎಳೆದರೂ ಅವಮಾನವಿಲ್ಲ. ಮೂಕಿಗೂ ಟ್ರ್ಯಾಕ್ಟರಿನ ಹಿಂಚಕ್ರಕ್ಕೂ ನಡುವೆ ಒಂದು ಮೊಳ ಜಾಗ ಉಳಿದಾಗಲೇ ನಿಲ್ಲಿಸಬೇಕು. ಅದಕ್ಕಿಂತ ಮುಂದುವರಿದರೆ ಚಾಕು ಮಡಚಿದಂತೆ ಎರಡೂ ಸೇರಿಕೊಂಡು, ಟೈರು ಹರಿಯುವುದೋ ಮೂಕಿ ಬಾಗುವುದೋ ಖಂಡಿತ.

ಸುತ್ತ ನಿಂತವರು ನಗುತ್ತಾರೆಂದು, ಹಿಂದೆ ನಿಂತ ಗಾಡಿಯವನು ಹಾರನ್ನು ಬಾರಿಸುತ್ತಾನೆಂದು ಆತುರಪಡುವುದೇ ಬಹುಪಾಲು ನಷ್ಟಗಳಿಗೆ ಮೂಲ. ತಾಳಿದವನು ಬಾಳಿಯಾನು.

ಹಿಂದೆ ನಿಲ್ಲುವವನ ಕರ್ತವ್ಯ

ಈ ಲೇಖನದಲ್ಲಿ ಬೇರೆ ಏನನ್ನು ಮರೆತರೂ ಈ ಭಾಗವನ್ನು ಮರೆಯಬಾರದು.

ಗಂಟೆಗೆ 3 ಕಿಲೋಮೀಟರ್ ಎಂದರೆ ಮುದುಕರು ನಡೆಯುವ ವೇಗ. ಆ ವೇಗದಲ್ಲಿಯೂ ಟ್ರೇಲರು ಒಂದು ಸೆಕೆಂಡಿಗೆ 80 ಸೆಂಟಿಮೀಟರಿಗಿಂತ ಹೆಚ್ಚು, ಎಂದರೆ ಸುಮಾರು ಎರಡೂ ಮುಕ್ಕಾಲು ಅಡಿ ಹಿಂದಕ್ಕೆ ಬರುತ್ತದೆ. ಟ್ರೇಲರಿಗೂ ಗೋಡೆಗೂ ನಡುವೆ 5 ಅಡಿ ಜಾಗದಲ್ಲಿ ನಿಂತವನಿಗೆ ಎರಡು ಸೆಕೆಂಡಿನ ಅವಕಾಶವೂ ಇಲ್ಲ. ಅವನು ಕೂಗಿ, ಎಂಜಿನ್ನಿನ ಸದ್ದಿನಲ್ಲಿ ಅದು ಚಾಲಕನಿಗೆ ಕೇಳಿಸಿ, ಅವನ ಕಾಲು ಬ್ರೇಕಿಗೆ ಹೋಗುವ ಮೊದಲೇ ಆ ಎರಡು ಸೆಕೆಂಡು ಮುಗಿದಿರುತ್ತದೆ. ಆದುದರಿಂದ ಕೆಳಗಿನ ನಿಯಮಗಳನ್ನು ಪ್ರತಿಯೊಂದು ಮನೆಯಲ್ಲಿಯೂ ಪಾಲಿಸಬೇಕು.

ಸನ್ನೆ ಮಾಡುವವನು ಒಬ್ಬನೇ ಇರಬೇಕು. ನಾಲ್ವರು ಕೂಗಿದರೆ ಚಾಲಕನು ಯಾರ ಮಾತನ್ನೂ ಕೇಳಲಾರನು. ಬೇರೆಯವರು ಏನಾದರೂ ಕಂಡರೆ ಆ ಒಬ್ಬನಿಗೆ ತಿಳಿಸಲಿ. ಆದರೆ 'ನಿಲ್ಲಿಸು' ಎಂಬ ಸನ್ನೆಯನ್ನು ಮಾತ್ರ ಯಾರು ಮಾಡಿದರೂ, ಚಿಕ್ಕ ಹುಡುಗಿ ಮಾಡಿದರೂ ಚಾಲಕನು ತಕ್ಷಣ ನಿಲ್ಲಿಸಬೇಕು.

ಸನ್ನೆ ಮಾಡುವವನು ಟ್ರೇಲರಿನ ನೇರ ಹಿಂದೆ ನಿಲ್ಲಬಾರದು. ಪಕ್ಕಕ್ಕೆ ಸರಿದು, ಚಾಲಕನ ಮುಖ ತನಗೂ ತನ್ನ ಮುಖ ಚಾಲಕನಿಗೂ ಕಾಣುವಲ್ಲಿ ನಿಲ್ಲಬೇಕು. ಬೆನ್ನ ಹಿಂದೆ ಗೋಡೆಯಾಗಲಿ ಕಂಬವಾಗಲಿ ಇರಬಾರದು. ಹಿಂದುಹಿಂದಕ್ಕೆ ಹೆಜ್ಜೆಯಿಡುತ್ತ ಸನ್ನೆ ಮಾಡಬಾರದು, ಎಡವಿ ಬಿದ್ದರೆ ಏಳಲು ಹೊತ್ತಿರುವುದಿಲ್ಲ. ಜಾಗ ಬದಲಿಸಬೇಕಾದರೆ ಮೊದಲು ಟ್ರ್ಯಾಕ್ಟರನ್ನು ನಿಲ್ಲಿಸಿ, ಅನಂತರ ನಡೆಯಬೇಕು.

'ಬಾ, ಬಾ' ಎಂದು ಕೂಗುವುದರಿಂದ ಪ್ರಯೋಜನವಿಲ್ಲ. ಎಷ್ಟು ಬರಬೇಕೆಂಬುದು ಅದರಿಂದ ತಿಳಿಯದು. ಕೈಸನ್ನೆಗಳನ್ನು ಮೊದಲೇ ಮಾತನಾಡಿಕೊಳ್ಳಿರಿ. ಅಂಗೈ ಎತ್ತಿ ಹಿಡಿದರೆ ನಿಲ್ಲಿಸುವುದು. ಕೈ ಬೀಸಿ ಕರೆದರೆ ಬರುವುದು. ಒಂದು ಕಡೆಗೆ ತೋಳು ಚಾಚಿದರೆ ಟ್ರೇಲರಿನ ಬಾಲ ಆ ಕಡೆಗೆ ಹೋಗಬೇಕೆಂದು ಅರ್ಥ. ಎರಡು ಅಂಗೈಗಳ ನಡುವಿನ ಅಂತರವನ್ನು ಕುಗ್ಗಿಸುತ್ತ ಹೋದರೆ ಇನ್ನು ಉಳಿದಿರುವ ಜಾಗ ಅಷ್ಟೇ ಎಂದು ಅರ್ಥ. ಈ ನಾಲ್ಕು ಸಾಕು.

ಚಾಲಕನ ಕರ್ತವ್ಯ ಒಂದೇ. ಸನ್ನೆ ಮಾಡುವವನು ಕಣ್ಣಿಗೆ ಕಾಣದಿದ್ದರೆ ಟ್ರ್ಯಾಕ್ಟರು ಒಂದಂಗುಲವೂ ಚಲಿಸಬಾರದು. 'ಇಲ್ಲೇ ಎಲ್ಲೋ ಇರುತ್ತಾನೆ' ಎಂಬ ಎಣಿಕೆಯೇ ಅನಾಹುತ. ಅವನು ಇರುವುದು ಟ್ರೇಲರಿನ ಹಿಂದೆಯೇ ಆಗಿರಬಹುದು. ಹಾಡಿನ ಪೆಟ್ಟಿಗೆಯನ್ನು ಆ ಹೊತ್ತಿಗೆ ಆರಿಸಿರಿ. ಮೂಕಿಯ ಮೇಲೆ, ಚಕ್ರದ ಮೇಲಿನ ತಗಡಿನ ಮೇಲೆ ಯಾರನ್ನೂ ಕೂರಿಸಬೇಡಿರಿ.

ಮನೆಯ ಹೆಂಗಸರಲ್ಲಿ ಒಂದು ಮಾತು. ಟ್ರ್ಯಾಕ್ಟರಿನ ಸದ್ದು ಬಾಗಿಲಿಗೆ ಬಂತೆಂದರೆ ಮಕ್ಕಳು ಸಂಭ್ರಮದಿಂದ ಓಡಿಬರುತ್ತಾರೆ. ಅಪ್ಪ ಬಂದನೆಂದು ಬರುವ ಮಗು ಟ್ರೇಲರಿನ ಹಿಂದಿನಿಂದ ಬಂದರೆ ಅಪ್ಪನ ಕಣ್ಣಿಗೆ ಅದು ಕಾಣುವುದೇ ಇಲ್ಲ, ಏಕೆಂದರೆ ಟ್ರೇಲರಿನ ಹಲಗೆ ಮಗುವಿಗಿಂತ ಎತ್ತರ. ಟ್ರ್ಯಾಕ್ಟರು ನಿಂತು ಸದ್ದು ಅಡಗುವ ತನಕ ಮಕ್ಕಳನ್ನು ಒಬ್ಬರು ಒಳಗೆ ಹಿಡಿದುಕೊಂಡಿರಬೇಕು. ಮಕ್ಕಳನ್ನು ಎಣಿಸಿ 'ಎಲ್ಲರೂ ಇದ್ದಾರೆ' ಎಂದು ಒಳಗಿನಿಂದ ಹೇಳಿದ ಮೇಲೆಯೇ ಚಾಲಕನು ಗೇರು ಹಾಕುವ ಪದ್ಧತಿಯನ್ನು ಇಟ್ಟುಕೊಂಡರೆ ಬಹಳ ಒಳ್ಳೆಯದು.

ಕೀಲು ಹಾಕುವಾಗಲೂ ಇದೇ ಎಚ್ಚರ ಬೇಕು. ಒಬ್ಬನು ಮೂಕಿಯನ್ನು ಎತ್ತಿ ಹಿಡಿದಿರುವುದು, ಇನ್ನೊಬ್ಬನು ಟ್ರ್ಯಾಕ್ಟರನ್ನು ಅವನ ಮೇಲೆಯೇ ಹಿಂದಕ್ಕೆ ತರುವುದು ಎಲ್ಲ ಕಡೆಯೂ ಕಾಣುವ ರೂಢಿ. ಇದನ್ನು ಬಿಡಬೇಕು. ಮೂಕಿಯ ಕೆಳಗೆ ಊರೆ ಕೊಟ್ಟು ಅದನ್ನು ಕೊಂಡಿಯ ಎತ್ತರಕ್ಕೆ ನಿಲ್ಲಿಸಿರಿ. ಟ್ರ್ಯಾಕ್ಟರು ಬಂದು, ನಿಂತು, ಗೇರು ತೆಗೆದು, ಬ್ರೇಕು ಬಿಗಿದ ಮೇಲೆ ಮಾತ್ರ ನಡುವೆ ಹೋಗಿ ಕೀಲು ಹಾಕಿರಿ. ಬಿಚ್ಚುವಾಗ ಮೊದಲು ಟ್ರೇಲರಿನ ಚಕ್ರಗಳಿಗೆ ಅಡ್ಡಗಲ್ಲು ಕೊಡಬೇಕು. ಸರಕು ಅಚ್ಚಿನ ಹಿಂದೆ ಹೆಚ್ಚಾಗಿದ್ದರೆ ಕೀಲು ತೆಗೆದ ಕೂಡಲೆ ಮೂಕಿ ಮೇಲಕ್ಕೆ ಚಿಮ್ಮುತ್ತದೆ ಎಂಬುದೂ ನೆನಪಿನಲ್ಲಿರಲಿ.

ಇಳಿಜಾರು, ಗುಂಡಿ ಮತ್ತು ನಾಲ್ಕು ಚಕ್ರದ ಟ್ರೇಲರು

ನಮ್ಮ ಹಳ್ಳಿಗಳ ಎರಡು ಚಕ್ರದ ಟ್ರೇಲರುಗಳಲ್ಲಿ ಅನೇಕಕ್ಕೆ ಬ್ರೇಕು ಇರುವುದಿಲ್ಲ. ಹೇರು ತುಂಬಿದ ಟ್ರೇಲರನ್ನು ಇಳಿಜಾರಿನಲ್ಲಿ ಹಿಂದಕ್ಕೆ ಇಳಿಸಿದರೆ ಅದು ಟ್ರ್ಯಾಕ್ಟರನ್ನೇ ಎಳೆದುಕೊಂಡು ಹೋಗಬಹುದು. ಕೆಳಗಿನ ಗೇರಿನಲ್ಲಿಯೇ ಇಳಿಸಬೇಕು, ಕ್ಲಚ್ಚನ್ನು ಒತ್ತಿ ಜಾರಲು ಬಿಡಬಾರದು. ಇಳಿಜಾರು ಹೆಚ್ಚಾಗಿದ್ದರೆ ಮೇಲೆಯೇ ಸರಕು ಇಳಿಸುವುದು ಕ್ಷೇಮ.

ಗೊಬ್ಬರದ ಗುಂಡಿ, ಬಾವಿ, ಕಾಲುವೆಗಳ ಅಂಚಿಗೆ ಹಿಂದಕ್ಕೆ ಬರುವಾಗ ಗುಂಡಿ ಎಷ್ಟು ಆಳವೋ ಅಷ್ಟು ದೂರದಲ್ಲಿಯೇ ಚಕ್ರಗಳು ನಿಲ್ಲಬೇಕು. ಗುಂಡಿ 6 ಅಡಿ ಆಳವಾಗಿದ್ದರೆ 6 ಅಡಿ ದೂರ. ಅಲ್ಲೊಂದು ದಪ್ಪ ದಿಮ್ಮಿಯನ್ನು ಅಡ್ಡ ಹಾಕಿ ಗೂಟ ಹೊಡೆದಿಡಿರಿ. ನಮ್ಮ ರಾಜ್ಯದಲ್ಲಿ 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದಂದಿನಿಂದ ಹೊಲಗಳಲ್ಲಿ ಕೃಷಿ ಹೊಂಡಗಳು ಹೆಚ್ಚಿವೆ. ಅವುಗಳ ಏರಿ ಸಡಿಲ ಮಣ್ಣಿನದಾದುದರಿಂದ ಇನ್ನಷ್ಟು ದೂರವಿರುವುದು ಒಳ್ಳೆಯದು.

ನಾಲ್ಕು ಚಕ್ರದ ಟ್ರೇಲರಿನ ವಿಷಯವೇ ಬೇರೆ. ಅದರ ಮುಂದಿನ ಅಚ್ಚು ಮೂಕಿಯೊಡನೆ ತಿರುಗುವುದರಿಂದ ಅದಕ್ಕೆ ಎರಡು ಕಡೆ ಕೀಲು ಇದ್ದಂತಾಗುತ್ತದೆ. ಒಂದು ಕೀಲು ಮಾಡಿದ್ದನ್ನು ಇನ್ನೊಂದು ತಿರುಗಿಸುತ್ತದೆ. ಮೇಲೆ ಹೇಳಿದ ಕೈಯ ಉಪಾಯ ಅದಕ್ಕೆ ಸಲ್ಲದು. ಅದನ್ನು ನೇರವಾಗಿ ಕೆಲವು ಅಡಿ ಹಿಂದಕ್ಕೆ ಸರಿಸಬಹುದೇ ಹೊರತು ತಿರುವಿನಲ್ಲಿ ತರುವುದು ನುರಿತವರಿಗೂ ಕಷ್ಟ. ಮಂಡ್ಯ, ಬೆಳಗಾವಿ, ಬಾಗಲಕೋಟೆಗಳ ಕಡೆ ಕಬ್ಬು ಸಾಗಿಸುವವರು ಒಂದರ ಹಿಂದೊಂದು ಎರಡು ಟ್ರೇಲರುಗಳನ್ನು ಕಟ್ಟುತ್ತಾರಷ್ಟೆ. ಅಂಥದನ್ನು ಹಿಂದಕ್ಕೆ ತರುವ ಸಾಹಸವೇ ಬೇಡ. ಮುಂದಕ್ಕೆ ಹೋಗಿ ಮುಂದಕ್ಕೇ ಹೊರಬರುವ ದಾರಿಯನ್ನು ಹೊಲದಲ್ಲಿ ಮೊದಲೇ ಗೊತ್ತುಮಾಡಿ, ಆಮೇಲೆ ಒಳಗೆ ಹೋಗಬೇಕು. ದಾರಿ ಇಲ್ಲದಿದ್ದರೆ ಒಂದೊಂದನ್ನೇ ಬಿಚ್ಚಿ ತರಬೇಕು.

ಅಭ್ಯಾಸ ಮಾಡುವ ರೀತಿ

ಕೊಯಿಲು ಮುಗಿದ ಸಮತಟ್ಟಾದ ಹೊಲವನ್ನು ಆರಿಸಿಕೊಳ್ಳಿರಿ. ಟ್ರೇಲರು ಬರಿದಾಗಿರಲಿ. ಗೋಡೆ ಕಂಬಗಳ ಬದಲು ಹುಲ್ಲು ತುಂಬಿದ ಗೋಣಿಚೀಲಗಳನ್ನು ನಿಲ್ಲಿಸಿರಿ, ತಗುಲಿದರೂ ನಷ್ಟವಿಲ್ಲ. ಮೊದಲ ದಿನ ನೇರವಾಗಿ 50 ಅಡಿ ಹಿಂದಕ್ಕೆ ಬರುವುದನ್ನು ಮಾತ್ರ ಮಾಡಿರಿ. ಇದು ಸುಲಭವೆಂದು ಕಾಣುತ್ತದೆ, ಆದರೆ ಇದೇ ಕಷ್ಟವಾದುದು. ಎರಡನೆಯ ದಿನ ದೊಡ್ಡ ತಿರುವಿನಲ್ಲಿ ಎರಡೂ ಕಡೆಗೆ ಬಾಗಿಸಿ ಹಿಂಬಾಲಿಸಿರಿ. ಮೂರನೆಯ ದಿನ ಚೀಲಗಳನ್ನು 12 ಅಡಿ ಅಂತರದಲ್ಲಿಟ್ಟು ಬಾಗಿಲೆಂದು ಭಾವಿಸಿ ಒಳಗೆ ಬನ್ನಿರಿ. ಅದು ಕೈಗೆ ಹತ್ತಿದ ಮೇಲೆ 10 ಅಡಿಗೆ ಇಳಿಸಿರಿ. ದಿನಕ್ಕೆ ಅರ್ಧ ಗಂಟೆ ಸಾಕು. ಡೀಸೆಲಿನ ಖರ್ಚನ್ನು ನೋಡಿ ಹಿಂಜರಿಯುವವರು ಒಂದು ಹಿಂಚಕ್ರದ ಟೈರಿನ ಬೆಲೆಯೊಡನೆ ಅದನ್ನು ಹೋಲಿಸಿ ನೋಡಲಿ.

ಹುಡುಗರಿಗೆ ಎತ್ತಿನ ಗಾಡಿಯನ್ನೋ ಕೈಗಾಡಿಯನ್ನೋ ಹಿಂದಕ್ಕೆ ನೂಕಿಸಿ ಈ ತತ್ವವನ್ನು ಕಲಿಸಬಹುದು. ಆದರೆ ಟ್ರ್ಯಾಕ್ಟರಿನ ಮೇಲೆ ಕೂರಿಸಬೇಡಿರಿ. 1988ರ ಮೋಟಾರು ವಾಹನಗಳ ಕಾಯಿದೆಯ ಪ್ರಕಾರ 18 ವರ್ಷ ತುಂಬದವರು ಸಾರ್ವಜನಿಕ ಸ್ಥಳದಲ್ಲಿ ಟ್ರ್ಯಾಕ್ಟರನ್ನು ನಡೆಸುವಂತಿಲ್ಲ. ಊರಿನ ಓಣಿಯೂ ಸಾರ್ವಜನಿಕ ಸ್ಥಳವೇ.

ಊರಿನ ಯುವಕ ಸಂಘದವರು ಸುಗ್ಗಿಗೆ ಮೊದಲು ಒಂದು ದಿನ ಎಲ್ಲ ಚಾಲಕರನ್ನೂ ಸೇರಿಸಿ ಇಂಥ ಪ್ರಾತ್ಯಕ್ಷಿಕೆಯನ್ನು ಏರ್ಪಡಿಸಬಹುದು. ನಾಲ್ಕು ಸನ್ನೆಗಳನ್ನು ಊರಿಗೆಲ್ಲ ಒಂದೇ ರೀತಿಯಾಗಿ ಗೊತ್ತುಮಾಡಿಕೊಂಡರೆ, ಯಾರ ಟ್ರ್ಯಾಕ್ಟರಿಗೆ ಯಾರು ಸನ್ನೆ ಮಾಡಿದರೂ ಅರ್ಥವಾಗುತ್ತದೆ. ಹೊಸದಾಗಿ ಕಾಂಪೌಂಡು ಕಟ್ಟುವವರು ಬಾಗಿಲನ್ನು 12 ಅಡಿ ಅಗಲವಿಟ್ಟು, ಕಂಬಗಳನ್ನು ಓಣಿಯಿಂದ ಸ್ವಲ್ಪ ಒಳಕ್ಕೆ ಸರಿಸಿ ಕಟ್ಟಿದರೆ ಮುಂದಿನ ಕಷ್ಟ ಅರ್ಧ ಕಡಿಮೆಯಾಗುತ್ತದೆ.

ನೆನಪಿನಲ್ಲಿಡಬೇಕಾದ ಅಂಶಗಳು

1. ಮೊದಲು ಇಳಿದು, ನಡೆದು, ನೋಡಿರಿ.
2. ಮುಂದಕ್ಕೆ ಹೋಗುವಾಗಲೇ ಓರೆಯಾಗಿ ನಿಲ್ಲಿಸಿಕೊಳ್ಳಿರಿ.
3. ಕೈ ಸ್ಟಿಯರಿಂಗಿನ ಕೆಳಭಾಗದಲ್ಲಿರಲಿ. ಕೈ ಹೋದ ಕಡೆಗೆ ಎರಡು ಚಕ್ರದ ಟ್ರೇಲರಿನ ಬಾಲ ಹೋಗುತ್ತದೆ.
4. ಸ್ವಲ್ಪ ತಿರುಗಿಸಿ, ಕಾದು ನೋಡಿರಿ.
5. ಸೊಟ್ಟಾದರೆ ಮುಂದಕ್ಕೆ ಎಳೆಯಿರಿ.
6. ಸನ್ನೆ ಮಾಡುವವನು ಕಾಣದಿದ್ದರೆ ನಿಲ್ಲಿಸಿರಿ.

ಇವುಗಳಲ್ಲಿ ಮೊದಲಿನ ಐದನ್ನು ತಪ್ಪಿದರೆ ಹಣ ಹೋಗುತ್ತದೆ. ಆರನೆಯದನ್ನು ಮಾತ್ರ ಯಾವ ಅವಸರದಲ್ಲಿಯೂ, ಯಾರ ಒತ್ತಾಯಕ್ಕೂ ತಪ್ಪಬೇಡಿರಿ.